ಗಲ್ಲಕ್ಕೆ ಹಚ್ಚಿದ ಸರಳು

ಗುಡೂರಿನ ಹೆಂಗಸರು ಒಬ್ಬರನ್ನೊಬ್ಬರು ಹೊಗಳುವುದು ಕಡಿಮೆ. ಹೊಗಳಿದರೂ ಅದರಲ್ಲಿ ಎಲ್ಲೋ ಒಂದು ಚಿಟಿಕೆ ಉಪ್ಪು ಕಡಿಮೆ ಹಾಕಿರುತ್ತಾರೆ. ಆದರೆ ಶಿವಲಿಂಗವ್ವನ ಕೈಯ ವಿಷಯಕ್ಕೆ ಬಂದರೆ ಮೂವತ್ತು ವರ್ಷಗಳಿಂದ ಊರಿನದು ಒಂದೇ ಮಾತಾಗಿತ್ತು. ಕಣಜದೊಳಗಿನ ಕಾಳು ಕಾದಿದೆಯೋ ತಣ್ಣಗಿದೆಯೋ ತಿಳಿಯಬೇಕಾದರೆ ಆಕೆಯನ್ನೇ ಕರೆಯಬೇಕು.

ಕಾಳು ಸುಮ್ಮನೆ ಬಿದ್ದಿರುವ ವಸ್ತುವೆಂದು ತಿಳಿದವರು ಕಾಳು ಇಟ್ಟವರಲ್ಲ. ಸರಿಯಾಗಿ ಒಣಗದೆ ಕಣಜ ಸೇರಿದ ಕಾಳು ಒಳಗೊಳಗೇ ಬೆವರುತ್ತದೆ. ಬೆವತದ್ದು ಕಾಯುತ್ತದೆ, ಕಾದದ್ದು ಮುಗ್ಗುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಅದು ದನದ ಬಾಯಿಗೂ ಬೇಡವಾಗಿರುತ್ತದೆ. ಇದಕ್ಕೆಂದೇ ಶಿವಲಿಂಗವ್ವನ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಒಂದು ಕಬ್ಬಿಣದ ಸರಳು ಇತ್ತು. ಆಳುದ್ದ, ಒಂದು ತುದಿ ಚೂಪು. ಅದನ್ನು ಕಾಳಿನ ನಡುವಿಗೆ ತೂರಿಸಿ, ಒಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಅವಸರವಿಲ್ಲದೆ ಅಗಿದು ಮುಗಿಸುವಷ್ಟು ಹೊತ್ತು ಬಿಡಬೇಕು. ಆಮೇಲೆ ಎಳೆದು, ಮುಷ್ಟಿಯಲ್ಲಿ ಹಿಡಿದು, ತುದಿಯಿಂದ ಬುಡದವರೆಗೆ ಕೈ ಜಾರಿಸಬೇಕು. ಎಲ್ಲಿ ಬಿಸಿ, ಎಷ್ಟು ಬಿಸಿ ಎಂದು ಅಂಗೈ ಹೇಳುತ್ತದೆ. ಹೊಸದಾಗಿ ಕಲಿಯುವವರು ಮಾತ್ರ ಸರಳನ್ನು ಗಲ್ಲಕ್ಕೆ ಹಚ್ಚಿ ನೋಡುತ್ತಿದ್ದರು. ‘ಕಲಿಯೂತನಕ ಗಲ್ಲ, ಕಲಿತ ಮ್ಯಾಲ ಕೈ’ ಎನ್ನುವುದು ಅತ್ತೆಯ ಮಾತು. ಶಿವಲಿಂಗವ್ವ ಗಲ್ಲಕ್ಕೆ ಹಚ್ಚಿದ್ದು ಮದುವೆಯಾಗಿ ಬಂದ ಮೊದಲ ವರ್ಷ ಮಾತ್ರ.

ಆಮೇಲೆ ಅದೆಷ್ಟು ಮನೆಗಳ ಜೋಳ, ಅದೆಷ್ಟು ಮನೆಗಳ ಕಡಲೆ ಆಕೆಯ ಕೈಯಲ್ಲಿ ಉಳಿಯಿತೋ. ಕರೆದವರು ಬಾಗಿಲಲ್ಲಿ ಚಾಪೆ ಹಾಸುತ್ತಿದ್ದರು, ಹೊರಡುವಾಗ ಒಂದು ಮೊರ ಕಾಳು ಉಡಿಗೆ ಸುರಿಯುತ್ತಿದ್ದರು. ಕಾಳಿಗಿಂತ ಆ ಚಾಪೆ ಆಕೆಗೆ ಹೆಚ್ಚು. ಗಂಡ ರಾಚಯ್ಯ ಮನೆಯ ಹಿರಿಯನಾದರೂ ಊರಿನಲ್ಲಿ ಅವನನ್ನು ‘ಶಿವಲಿಂಗವ್ವನ ಗಂಡ’ ಎಂದೇ ಗುರುತಿಸುತ್ತಿದ್ದರು. ಅವನೂ ಅದಕ್ಕೆ ಬೇಸರಪಟ್ಟವನಲ್ಲ.

ಇನ್ನು ಶೀಲಾ. ಇವಳು ಶಿವಲಿಂಗವ್ವನ ವಾರಗಿತ್ತಿ, ಮೈದುನ ಶಂಕರಲಿಂಗನ ಹೆಂಡತಿ. ಬಾದಾಮಿಯ ಕಡೆಯವಳು, ಹತ್ತನೆಯ ಇಯತ್ತೆ ಪಾಸಾದವಳು, ವಯಸ್ಸಿನಲ್ಲಿ ಹದಿನೈದು ವರ್ಷ ಚಿಕ್ಕವಳು. ಇಪ್ಪತ್ತೆರಡು ವರ್ಷದ ಹಿಂದೆ ಅವಳು ಈ ಮನೆ ತುಂಬಿದಾಗ ಅತ್ತೆ ಇರಲಿಲ್ಲ. ಆದ್ದರಿಂದ ಅವಳಿಗೆ ಅತ್ತೆಯೂ ಅಕ್ಕನೂ ಶಿವಲಿಂಗವ್ವನೇ. ತೆಳ್ಳಗೆ ರೊಟ್ಟಿ ಬಡಿಯುವುದನ್ನು ಕಲಿಸಿದ್ದು ಶಿವಲಿಂಗವ್ವ, ಬಾಣಂತನ ಮಾಡಿದ್ದು ಶಿವಲಿಂಗವ್ವ. ಒಂದು ಒಲೆ, ಒಂದು ಪಡಸಾಲೆ, ಇಬ್ಬರ ನಡುವೆ ಒಂದು ದಿನ ಏರಿದ ಮಾತಿಲ್ಲ. ಹುನಗುಂದ ತಾಲ್ಲೂಕಿನಲ್ಲಿ ಇಂಥ ವಾರಗಿತ್ತಿಯರಿಲ್ಲ ಎಂದು ಜನ ಹೇಳುತ್ತಿದ್ದರು. ಜನಕ್ಕೇನು, ಹೇಳುತ್ತಾರೆ.

ಒಂದನ್ನು ಮಾತ್ರ ಶಿವಲಿಂಗವ್ವ ಕಲಿಸಿರಲಿಲ್ಲ. “ಅಕ್ಕಾ, ಆ ಸರಳು ನೋಡೂದನ್ನ ನನಗೂ ಒಂದೀಟ ಕಲಸ್ರಿ” ಎಂದು ಶೀಲಾ ಮೂರ್ನಾಲ್ಕು ಸಲ ಕೇಳಿದ್ದಳು. “ಅದು ಕಲಿಸಿದ್ರ ಬರೂದಲ್ಲ ತಂಗಿ, ಕೈಯಾಗ ಇರಬೇಕು” ಎಂದು ಶಿವಲಿಂಗವ್ವ ಮಾತು ಮುಗಿಸಿದ್ದಳು. ತಾನೇ ಒಂದು ವರ್ಷ ಗಲ್ಲಕ್ಕೆ ಹಚ್ಚಿಕೊಂಡು ಕಲಿತದ್ದು ಆ ಹೊತ್ತಿಗೆ ಆಕೆಗೆ ನೆನಪಾಗಲಿಲ್ಲ. ನೆನಪಾಗಬಾರದ್ದು ನೆನಪಾಗದೆ ಇರುವುದು ನಮ್ಮೆಲ್ಲರಿಗೂ ಬಂದ ವಿದ್ಯೆಯೇ.

ರಾಮಥಾಳದ ನೀರಾವರಿಯ ನೀರು ಹೊಲಗಳಿಗೆ ಬಂದ ಮೇಲೆ ಬಿಳಿಜೋಳದ ನೆಲದಲ್ಲಿ ಗೋವಿನಜೋಳ ಎದ್ದು ನಿಂತಿತು. ಗೋವಿನಜೋಳ ಹಸಿಯಾಗಿಯೇ ಕಣ ಸೇರುವ ಕಾಳು. ಮಳೆ ಹಿಡಿದರೆ ಒಣಗಿಸಲು ರಸ್ತೆಯೂ ಸಾಲದು. ಅದಕ್ಕಾಗಿ ಊರ ರೈತರೆಲ್ಲ ಸೇರಿ ಕಟ್ಟಿಕೊಂಡ ಸಂಘದವರು ಇಳಕಲ್ಲಿನ ರಸ್ತೆಯ ಬದಿಗೆ ಮೂರು ತಗಡಿನ ಕಣಜ ನಿಲ್ಲಿಸಿದರು. ಒಂದೊಂದೂ ಎರಡಂತಸ್ತಿನ ಮನೆಯಷ್ಟು ಎತ್ತರ. ಕೆಳಗಿನಿಂದ ಯಂತ್ರವೊಂದು ಬಿಸಿಗಾಳಿ ಊದುತ್ತದೆ, ಗಾಳಿ ಕಾಳಿನ ಸಂದಿಯಲ್ಲಿ ಹಾದು ಮೇಲೆ ಹೋಗುತ್ತದೆ. ತಳದ ಕಾಳು ಮೊದಲು ಒಣಗುತ್ತದೆ, ಮೇಲಿನದು ಕಡೆಗೆ. ಯಂತ್ರ ನೋಡಿಕೊಳ್ಳುವವನು ಯಾಕೂಬಸಾಬ. ಕಾಳಿನ ಒಡಲು ಎಷ್ಟು ಕಾದಿದೆ ಎಂದು ತಿಳಿಯಲು ಪ್ರತಿ ಕಣಜದೊಳಗೆ ತಂತಿಗಳನ್ನು ಇಳಿಬಿಟ್ಟಿದ್ದರು. ತಂತಿಗೆ ಅಲ್ಲಲ್ಲಿ ಗಂಟು. ಗಂಟಿನ ಬಿಸಿ ಎಷ್ಟೆಂಬ ಅಂಕಿ ಹೊರಗೆ ಗೋಡೆಗೆ ತೂಗುಹಾಕಿದ ಡಬ್ಬಿಯಲ್ಲಿ ಕಾಣುತ್ತದೆ. ದಿನಕ್ಕೆ ಎರಡು ಸಲ ಓದಿ ಬರೆಯಬೇಕು. ಮೂವತ್ತೈದು ದಾಟಿದರೆ ಕೂಡಲೇ ಹೇಳಬೇಕು.

ಸಂಘದ ಮುಂದಾಳು ಲಕ್ಷ್ಮಪ್ಪ ಇವರ ಮನೆಗೇ ಬಂದ. ಶಿವಲಿಂಗವ್ವ ಸೆರಗು ಸರಿಮಾಡಿಕೊಂಡು ಕೂತಳು. ಕಾಳಿನ ಮೈ ನೋಡುವ ಕೆಲಸ ಮತ್ಯಾರದು?

“ಅಕ್ಕಾರ, ಬಾಗಲಕೋಟಿಯೊಳಗ ಎರಡ ದಿನ ತರಬೇತಿ ಐತಿ. ಡಬ್ಬಿ ಓದಾಕ, ಬರಿಯಾಕ ಬರೂವರು ಬೇಕು. ಶೀಲಾನ್ನ ಕಳಸ್ರಲಾ” ಎಂದ ಲಕ್ಷ್ಮಪ್ಪ.

“ಕರಕೊಂಡ ಹೋಗ್ರಿ, ಅದಕ್ಕೇನ” ಎಂದಿತು ಶಿವಲಿಂಗವ್ವನ ಬಾಯಿ. ಒಳಗೆ ಹೊಟ್ಟೆ ಹೊತ್ತಿಕೊಂಡಿತು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ. ಶೀಲಾ ಮಾಸದ ಇಳಕಲ್ಲ ಸೀರೆ ಉಟ್ಟು ಬೆಳಗಿನ ಬಸ್ಸು ಹತ್ತಿದಳು. ಎರಡು ದಿನ ಬಿಟ್ಟು ಅಂಕಿ ಬರೆಯುವ ಒಂದು ವಹಿ, ಕೊರಳಿಗೆ ಹಾಕುವ ಒಂದು ಗುರುತಿನ ಚೀಟಿ ಹಿಡಿದು ಬಂದಳು. ಅಂದಿನಿಂದ ಮುಂಜಾನೆ ರೊಟ್ಟಿಯ ಹೊತ್ತಿಗೆ ಒಮ್ಮೆ, ದನ ಬರುವ ಹೊತ್ತಿಗೆ ಒಮ್ಮೆ ಹೋಗಿ ಡಬ್ಬಿ ಓದುವುದು, ಅಂಕಿಯನ್ನು ಫೋನಿನಲ್ಲಿ ಸಂಘದವರೆಲ್ಲರಿಗೂ ಕಳಿಸುವುದು ಅವಳ ಕೆಲಸವಾಯಿತು. ಬಾವಿಯ ಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಹೆಂಗಸರು “ಇವತ್ತ ಎಷ್ಟೈತಿ ಶೀಲಾ?” ಎಂದು ಕೇಳತೊಡಗಿದರು. ಶಿವಲಿಂಗವ್ವ ಪಕ್ಕದಲ್ಲೇ ನಿಂತಿದ್ದರೂ ಕೇಳುತ್ತಿದ್ದುದು ಶೀಲಾಳನ್ನೇ. ಆಕೆಯನ್ನು ಕರೆದು ಬಾಗಿಲಲ್ಲಿ ಚಾಪೆ ಹಾಸುವುದು ನಿಂತುಹೋಯಿತು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ರಾಚಯ್ಯನಿಂದ. ಒಂದು ಸಂಜೆ ಊಟಕ್ಕೆ ಕೂತು, ಹೆಂಡತಿ ರೊಟ್ಟಿ ಹಾಕುತ್ತಿದ್ದಾಗ, ಒಳಗೆ ಪಲ್ಯ ತೆಗೆಯುತ್ತಿದ್ದ ಶೀಲಾಳ ಕಡೆ ತಿರುಗಿ “ಎರಡನೇ ಕಣಜ ಹೆಂಗೈತಿ ತಂಗಿ?” ಎಂದುಬಿಟ್ಟ. ಆ ದಿನ ಅವನಿಗೆ ಎರಡನೆಯ ರೊಟ್ಟಿ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಶೀಲಾ ಮೆರೆದಾಡಿದ್ದರೆ ಶಿವಲಿಂಗವ್ವನಿಗೆ ಸಲೀಸಾಗುತ್ತಿತ್ತು. ಮೆರೆದಾಡುವವಳನ್ನು ಬಯ್ಯಬಹುದು. ಇವಳೋ ಡಬ್ಬಿ ಓದಿ ಬಂದು, ಕಾಲು ತೊಳೆದು, ಎಂದಿನಂತೆ ಒಲೆಯ ಮುಂದೆ ಕೂತು “ನಾ ಬಡೀಲೇನ್ರಿ ಅಕ್ಕಾ?” ಎನ್ನುತ್ತಿದ್ದಳು. ಆ ಮೆತ್ತನೆಯ ದನಿ ಕೇಳಿದರೆ ಶಿವಲಿಂಗವ್ವನಿಗೆ ಇನ್ನಷ್ಟು ಉರಿಯುತ್ತಿತ್ತು.

ಇದರ ಕೆಳಗೆ ಇನ್ನೊಂದು ಮಾತಿತ್ತು. ಅದನ್ನು ಶಿವಲಿಂಗವ್ವ ದೇವರ ಮುಂದೆಯೂ ಆಡಿರಲಿಲ್ಲ. ಮೂರು ವರ್ಷದ ಹಿಂದೆ ಹುನಗುಂದದ ದವಾಖಾನೆಯಲ್ಲಿ ಆಕೆಗೆ ಸಕ್ಕರೆ ಕಾಯಿಲೆ ಎಂದು ಹೇಳಿದ್ದರು. ಸಕ್ಕರೆಯ ಸುದ್ದಿ ಮನೆಯವರಿಗೆಲ್ಲ ಗೊತ್ತು. ಅಂಗೈಗೆ ಜೋಮು ಹಿಡಿದು, ತಿಂಗಳು ತಿಂಗಳಿಗೆ ಅದು ಏರಿ, ಈಗ ಬೆರಳಿನಿಂದ ಮಣಿಕಟ್ಟಿನವರೆಗೆ ಬಿಸಿ ತಣ್ಣನೆ ಎರಡೂ ತಿಳಿಯದಂತಾಗಿದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕೈಯಲ್ಲಿ ಹಿಡಿದ ಸರಳು ಆಕೆಗೆ ಈಗ ಬರೀ ಒಂದು ಸರಳು. ಕಾಳು ಕಾದಿದ್ದರೂ ಒಂದೇ, ಬಾವಿಯ ನೀರಿನಷ್ಟು ತಣ್ಣಗಿದ್ದರೂ ಒಂದೇ. ಎರಡು ಸುಗ್ಗಿಗಳನ್ನು ಆಕೆ ವಾಸನೆ ನೋಡಿ, ಹಲ್ಲಲ್ಲಿ ಕಾಳು ಕಡಿದು, ಹೇಗೋ ಸಾಗಿಸಿದ್ದಳು. ಈ ಹೊತ್ತಿನಲ್ಲೇ ಬಂತು ಆ ತಂತಿ. ತನ್ನ ಕೈಗೆ ಇಲ್ಲದ ಅರಿವು ಆ ನಾಲ್ಕಾಣೆ ಗಂಟಿಗೆ ಇತ್ತು. ಶೀಲಾಳನ್ನು ಕಂಡು ಉರಿದದ್ದಕ್ಕಿಂತ ಹೆಚ್ಚು ಆಕೆ ಆ ಗಂಟನ್ನು ಕಂಡು ಉರಿದಳು.

ಬನ್ನಿ ಹಬ್ಬದ ವಾರದಲ್ಲಿ ದೈವ ಆಕೆಯ ಕಡೆ ತಿರುಗಿತು. ಒಂದು ಮಧ್ಯಾಹ್ನ ಮೊದಲನೆಯ ಕಣಜದ ಡಬ್ಬಿ ಅರವತ್ತೆಂಟು ತೋರಿಸಿತು. ಶೀಲಾ ಓಡಿ ಬಂದು ಹೇಳಿದಳು. ಸಂಘದವರು ಪುಟ್ಟಿ, ಸಲಿಕೆ ಹಿಡಿದು ಓಡಿದರು. ಹೋಳಿಗೆ ತಿನ್ನುತ್ತಿದ್ದವರು ಎಡೆ ಬಿಟ್ಟು ಎದ್ದರು. ಶಿವಲಿಂಗವ್ವ ಸರಳು ಹೊತ್ತು ನಿಧಾನವಾಗಿ ಬಂದಳು, ಏಣಿ ಹತ್ತಿದಳು, ಮೇಲಿನ ಬಾಯಿಯಿಂದ ಸರಳು ಇಳಿಸಿದಳು, ಎಲೆಯಡಿಕೆ ಅಗಿದಳು. ಎಳೆದು ಮುಷ್ಟಿ ಜಾರಿಸಿ, “ತಣ್ಣಗೈತಿ” ಎಂದಳು. ಆಕೆಗೆ ಈಗ ಎಲ್ಲವೂ ತಣ್ಣಗೆ, ಮತ್ತೇನು ಹೇಳಿಯಾಳು? ಆದರೆ ಮರುದಿನ ಡಬ್ಬಿ ರಿಪೇರಿಯವನು ಬಂದು ನೋಡಿದರೆ ತಂತಿಯನ್ನು ಇಲಿ ಕಡಿದಿತ್ತು. ಕಾಳು ನಿಜವಾಗಿಯೂ ತಣ್ಣಗಿತ್ತು.

“ಶೀಲಾನ ಡಬ್ಬಿಗೆ ಜ್ವರ ಬಂದಿತ್ತಂತ” ಎಂದು ಊರೆಲ್ಲ ನಕ್ಕಿತು. ಗಿರಣಿಯಲ್ಲಿ ಶೀಲಾ ತಲೆ ತಗ್ಗಿಸಿ ಹಿಟ್ಟು ಹಾಕಿಸಿಕೊಂಡು ಬಂದಳು. ಶಿವಲಿಂಗವ್ವನಿಗೆ ಅಯ್ಯೋ ಅನ್ನಿಸಲಿಲ್ಲ. ಹಬ್ಬದ ಹೋಳಿಗೆಗಿಂತ ಆ ತಗ್ಗಿದ ತಲೆ ಆಕೆಗೆ ಸಿಹಿಯಾಯಿತು.

ಗೆದ್ದವರು ಸುಮ್ಮನಿರಬೇಕು. ಶಿವಲಿಂಗವ್ವ ಸುಮ್ಮನಿರಲಿಲ್ಲ. “ನನಗ ವಯಸ್ಸಾತು ಲಕ್ಷ್ಮಪ್ಪ, ಏಣಿ ಹತ್ತಾಕ ಆಗೂದಿಲ್ಲ. ತಂತಿಗೆ ಜಾಗಾ ಮಾಡೀರಿ, ನನ್ನ ಸರಳಿಗೂ ಒಂದೀಟ ಜಾಗಾ ಮಾಡ್ರಿ” ಎಂದಳು. ಲಕ್ಷ್ಮಪ್ಪ ಆಕೆಯ ಮಾತು ತೆಗೆದುಹಾಕುವ ಧೈರ್ಯದವನಲ್ಲ. ಹೊಸದಾಗಿ ತುಂಬಿದ ಮೂರನೆಯ ಕಣಜದ ತಗಡಿಗೆ ಎದೆಯ ಮಟ್ಟದಲ್ಲಿ ಸರಳು ಹಿಡಿಸುವಷ್ಟು ಒಂದು ತೂತು ಕೊರೆಸಿದ. ಯಾಕೂಬಸಾಬ ಕೊರೆಯುವಾಗ “ತಗಡಿಗೆ ತೂತ ಬ್ಯಾಡ್ರಿ, ಮಳಿ ಬಂದ್ರ ಕಷ್ಟ” ಎಂದು ಒಂದು ಸಲ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ತೂತಿಗೆ ಅವನೇ ಒಂದು ಕಟ್ಟಿಗೆಯ ಬೂಚು ಮಾಡಿ, ದಾರದಲ್ಲಿ ತೂಗುಬಿಟ್ಟ.

ಅಂದಿನಿಂದ ಶೀಲಾ ಡಬ್ಬಿ ಓದುವ ಹೊತ್ತಿಗೇ ಶಿವಲಿಂಗವ್ವನೂ ಹೋಗಿ ಬೂಚು ತೆಗೆದು ಸರಳು ತೂರಿಸುತ್ತಿದ್ದಳು. ಶೀಲಾ ಅಂಕಿ ಹೇಳುವ ಮೊದಲೇ “ತಣ್ಣಗೈತಿ” ಎಂದುಬಿಡುತ್ತಿದ್ದಳು. ಬೂಚನ್ನು ಮತ್ತೆ ತೂತಿಗೆ ತುರುಕಿ ಒತ್ತಿ ಬರುತ್ತಿದ್ದಳು. ಅದು ಬಿಗಿಯಾಗಿ ಕೂತಿತೋ ಇಲ್ಲವೋ ಎಂದು ಹೇಳಬೇಕಾದ್ದು ಕೈ. ಕೈ ಏನೂ ಹೇಳಲಿಲ್ಲ, ಆಕೆಯೂ ಕಣ್ಣು ಹಾಯಿಸಿ ನೋಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಸ್ವಾತಿ ಮಳೆ ಜಿಟಿಜಿಟಿ ಹಿಡಿಯಿತು. ಮೂರು ದಿನ ಬಿಸಿಲಿಲ್ಲ. ಒದ್ದೆಗಾಳಿ ಊದಿದರೆ ಒಣಗಿದ ಕಾಳು ಮತ್ತೆ ಮೆತ್ತಗಾಗುತ್ತದೆಂದು ಯಾಕೂಬಸಾಬ ಯಂತ್ರ ನಿಲ್ಲಿಸಿದ್ದ. ಜ್ವರ ಇದ್ದದ್ದರಿಂದ ಶಿವಲಿಂಗವ್ವ ಆ ಮೂರು ದಿನ ಹೊರಗೆ ಹೋಗಲಿಲ್ಲ. ಮೊದಲ ಸಂಜೆ ಮೂರನೆಯ ಕಣಜದ ಬದಿಯ ತಂತಿಯಲ್ಲಿ ಒಂದು ಗಂಟು ಮೂವತ್ತೊಂದು ತೋರಿಸಿತು. ಮರುದಿನ ಮೂವತ್ತನಾಲ್ಕು. ಮೂರನೆಯ ಮುಂಜಾನೆ ಮೂವತ್ತೊಂಬತ್ತು. ಉಳಿದ ಗಂಟುಗಳೆಲ್ಲ ಇಪ್ಪತ್ತಾರರ ಆಸುಪಾಸಿನಲ್ಲೇ ಇದ್ದವು. ಶೀಲಾ ಲಕ್ಷ್ಮಪ್ಪನಿಗೆ ಹೇಳಿದಳು. ಮಳೆ ನಿಂತ ಸಂದಿ ನೋಡಿ ಹದಿನೈದಿಪ್ಪತ್ತು ಜನ ಕಣಜದ ಬುಡದಲ್ಲಿ ಸೇರಿದರು.

“ಮತ್ತ ಇಲಿ ಕಡದೈತೇನೋ ನೋಡವಾ” ಎಂದ ಒಬ್ಬ. ಜನ ನಕ್ಕರು. ಕಣಜದಲ್ಲಿ ಊರಿನ ಅರ್ಧ ಹೊಲಗಳ ಗೋವಿನಜೋಳ ಇತ್ತು. ಮೋಡ ಕವಿದ ಹೊತ್ತಿನಲ್ಲಿ ಅದನ್ನು ಹೊರಗೆ ತೆಗೆದರೆ ಹರವಲು ನೆಲವಿಲ್ಲ, ತೆಗೆಯದೆ ಬಿಟ್ಟು ಕಾದದ್ದು ನಿಜವಾಗಿದ್ದರೆ ಕಣಜವೇ ಹೋಯಿತು. ಲಕ್ಷ್ಮಪ್ಪ ಶೀಲಾಳ ಮುಖ ನೋಡಿದ, ಡಬ್ಬಿ ನೋಡಿದ, ಕಡೆಗೆ “ಅಕ್ಕಾರನ ಕರೀರಿ. ಅವರ ಕೈ ಏನ ಹೇಳ್ತೈತಿ, ಹಂಗ ಮಾಡೂಣು” ಎಂದ.

ಶಿವಲಿಂಗವ್ವ ಜ್ವರದ ಮೈಗೆ ಕೌದಿ ಹೊದ್ದು ಬಂದಳು. ಜನ ದಾರಿ ಬಿಟ್ಟರು. ಯಾರೋ ಗೋಣಿಚೀಲ ಹಾಸಿದರು. ಎಷ್ಟು ದಿನವಾಗಿತ್ತು ತನಗಾಗಿ ಯಾರಾದರೂ ಏನನ್ನಾದರೂ ಹಾಸಿ! ಬೂಚಿಗೆ ಕೈ ಹಾಕಿದರೆ ಎಳೆಯುವ ಕೆಲಸವೇ ಇರಲಿಲ್ಲ, ಮುಟ್ಟಿದ ಕೂಡಲೇ ಬಂತು. ತೂತಿನಿಂದ ಹುಳಿಬಂದ ಹಿಟ್ಟಿನ ವಾಸನೆ ಬಂದಂತಾಯಿತು. ಆಕೆಯ ಮೂಗು ಆಕೆಗೆ ಒಂದು ಮಾತು ಹೇಳಿತು. ಪಕ್ಕದಲ್ಲಿ ವಹಿ ಹಿಡಿದು ನಿಂತಿದ್ದ ಶೀಲಾಳನ್ನು ನೋಡಿ ಹೊಟ್ಟೆ ಇನ್ನೊಂದು ಮಾತು ಹೇಳಿತು. ಒದ್ದೆ ಗೋಣಿಚೀಲದ ವಾಸನೆ ಇದ್ದೀತು ಎಂದುಕೊಂಡಳು.

ಸರಳು ತೂರಿಸಿ ಎಲೆಯಡಿಕೆ ಅಗಿದಳು. ಎಳೆದಳು. ಮುಷ್ಟಿ ಜಾರಿಸಿದಳು. ಏನೂ ಇಲ್ಲ. ತನಗೆ ಏನೂ ಗೊತ್ತಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಶೀಲಾಳ ಡಬ್ಬಿ ಇನ್ನೊಮ್ಮೆ ಸುಳ್ಳಾಗಲಿ ಎಂಬ ಆಸೆ ಎಷ್ಟು ದೊಡ್ಡದಿತ್ತೆಂದರೆ, ಊರಿನ ಅರ್ಧ ಬೆಳೆ ಅದರ ಮುಂದೆ ಚಿಕ್ಕದಾಯಿತು.

“ತಣ್ಣಗೈತಿ” ಎಂದಳು.

ಜನ ನಿಟ್ಟುಸಿರು ಬಿಟ್ಟರು. “ನಾ ಹೇಳಲಿಲ್ಲೇನ, ಇಲೀನೇ” ಎಂದು ಒಬ್ಬ ಹೆಗಲ ಮೇಲಿನ ಸಲಿಕೆ ಇಳಿಸಿದ. ಯಾಕೂಬಸಾಬ ಬೀಡಿ ಹುಡುಕಿದ. ಶೀಲಾ ಮಾತ್ರ ವಹಿಯನ್ನು ಕಂಕುಳಲ್ಲಿ ಇರುಕಿ ಮುಂದೆ ಬಂದು, ಸರಳಿನ ಬುಡ ಹಿಡಿದಳು.

“ಅಕ್ಕಾ, ತಪ್ಪ ತಿಳೀಬ್ಯಾಡ್ರಿ. ನಾ ಎಷ್ಟ ಸಲ ಕೇಳೀನಿ, ನೀವು ಕಲಿಸಿಲ್ಲ. ಇವತ್ತ ಕಲಸ್ರಿ. ಕಲಿಯೂತನಕ ಗಲ್ಲ ಅಂತಿದ್ರಂತಲ್ಲ ಅತ್ತಿ? ಗಲ್ಲಕ್ಕ ಹೆಂಗ ಹಚ್ಚೂದು ಒಮ್ಮಿ ನಿಮ್ಮ ಗಲ್ಲಕ್ಕ ಹಚ್ಚಿ ತೋರಸ್ರಿ.”

“ಈಗ ಅದಕ್ಕ ಹೊತ್ತೇನ ಇದು?”

“ಒಮ್ಮಿ ತೋರಸ್ರಿ. ಎಲ್ಲಾರೂ ಅದಾರ, ನೋಡ್ಲಿ.”

ಊರಿನ ಎದುರು ವಾರಗಿತ್ತಿ ಕಲಿಯುತ್ತೇನೆಂದು ಕೈಕಟ್ಟಿ ನಿಂತಿದ್ದಾಳೆ. ಇಂಥ ಅವಕಾಶ ಯಾವ ಹಿರಿಯಳು ಬಿಟ್ಟಾಳು? ಶಿವಲಿಂಗವ್ವ ಗತ್ತಿನಿಂದ ಸರಳನ್ನು ಮತ್ತೆ ತೂರಿಸಿದಳು, ಇನ್ನೊಂದು ಎಲೆ ಹಾಕಿಕೊಂಡಳು. ಎಳೆದು, “ಹಿಂಗ ನೋಡು, ತುದಿಯಿಂದ ಸುರು ಮಾಡಬೇಕು” ಎನ್ನುತ್ತ ಗಲ್ಲಕ್ಕೆ ಹಚ್ಚಿಕೊಂಡಳು. ತುದಿ ತಣ್ಣಗಿತ್ತು. ಸರಳನ್ನು ಜಾರಿಸಿದಳು. ನಡುವೆ ಬಂದಾಗ ಗಲ್ಲ ಚುರ್ರೆಂದಿತು.

ಎರಡು ವರ್ಷವಾದ ಮೇಲೆ ಕಾಳಿನ ಬಿಸಿ ಆಕೆಗೆ ತಿಳಿದಿತ್ತು. ಹಳೆಯ ಗುರುತಿನ ಬಿಸಿ ಅದು. ಒಂದು ಗಳಿಗೆ ಸಂತೋಷವೇ ಆಯಿತು, ಆಮೇಲೆ ಅರ್ಥವಾಯಿತು. ಆಕೆ ಶೀಲಾಳ ಕಡೆ ನೋಡಿದಳು. ಶೀಲಾ ಆಕೆಯನ್ನು ನೋಡದೆ, ನೆಲದಲ್ಲಿ ಬಿದ್ದ ನಾಲ್ಕು ಕಾಳನ್ನು ನೋಡುತ್ತಿದ್ದಳು. ಇವಳಿಗೆ ಗೊತ್ತು ಎಂದು ಶಿವಲಿಂಗವ್ವನಿಗೆ ಆ ಕ್ಷಣದಲ್ಲಿ ತಿಳಿಯಿತು.

“ತಡೀರಿ” ಎಂದಳು. “ಬಿಸಿ ಐತಿ. ತುದಿಗಲ್ಲ, ಈ ತಗಡಿನ ಕಡೆ, ಮೊಳದಷ್ಟ ಒಳಗ. ಭಾಳ ಬಿಸಿ ಐತಿ. ಬದಿಯ ಬಾಗಲಾ ತಗೀರಿ.”

ತೆಗೆದರು. ತೂತಿನ ಬುಡದಿಂದ ಕೆಳಗೆ ಒಂದಾಳಗಲ ಕಾಳು ಕಪ್ಪಾಗಿ ಹೆಂಟೆ ಹೆಂಟೆಯಾಗಿ ಬಂತು. ಕೆಲವು ಮೊಳಕೆ ಬಿಟ್ಟಿದ್ದವು. ಕೈ ಇಟ್ಟವರೆಲ್ಲ ಕೈ ಹಿಂದೆಗೆದರು. ಸಡಿಲ ಬೂಚಿನ ಸಂದಿಯಿಂದ ಮೂರು ದಿನದ ಮಳೆನೀರು ತಗಡು ಹಿಡಿದು ಒಳಗೆ ಇಳಿದಿತ್ತು. ಕೆಟ್ಟದ್ದನ್ನೆಲ್ಲ ಬಾಚಿ ತೆಗೆದರು, ಹತ್ತು ಚೀಲದಷ್ಟು ಹೋಯಿತು. ಮಧ್ಯಾಹ್ನಕ್ಕೆ ಬಿಸಿಲು ಬಂತು. ಯಾಕೂಬಸಾಬ ಯಂತ್ರ ಹಚ್ಚಿದ. ಇನ್ನೆರಡು ದಿನ ಬಿಟ್ಟಿದ್ದರೆ ಕಣಜಕ್ಕೆ ಕಣಜವೇ ಹೋಗುತ್ತಿತ್ತು ಎಂದು ಎಲ್ಲರೂ ಹೇಳಿದರು.

“ಅಕ್ಕಾರ ಕೈ ಅಂದ್ರ ಕೈ ನೋಡ್ರಿ. ಮೊದಲ ತಣ್ಣಗೈತಿ ಅಂದ್ರೂ ಬಿಡಲಿಲ್ಲ, ಮತ್ತೊಮ್ಮಿ ನೋಡಿದ್ರು” ಎಂದ ಲಕ್ಷ್ಮಪ್ಪ. ಆಮೇಲೆ ಯಾಕೂಬಸಾಬನ ಕಡೆ ತಿರುಗಿ, “ನೀ ಮಾಡಿದ ಬೂಚು ನೋಡಪಾ ಎಂಥಾದ್ದು” ಎಂದು ಬೈದ. ಯಾಕೂಬಸಾಬ ಬೂಚನ್ನು ಎತ್ತಿ ತಿರುಗಿಸಿ ನೋಡಿದ. ಶೀಲಾಳ ಮೂವತ್ತೊಂಬತ್ತನ್ನು ಯಾರೂ ಎತ್ತಲಿಲ್ಲ. ಅವಳು ವಹಿಯಲ್ಲಿ ಅಂಕಿ ಬರೆದು ಮನೆಗೆ ಹೋದಳು.

ಸಂಜೆ ಒಲೆಯ ಮುಂದೆ ಇಬ್ಬರೇ ಇದ್ದರು. ಶಿವಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು, ಶೀಲಾ ಉರಿ ಸರಿಮಾಡುತ್ತಿದ್ದಳು.

“ಯಾವಾಗಿಂದ ಗೊತ್ತ ನಿನಗ?”

ಶೀಲಾ ಏನು ಎಂದು ಕೇಳಲಿಲ್ಲ. “ಹ್ವಾದ ವರ್ಷದ ಹಿಂದಿನ ವರ್ಷ, ಎಳ್ಳ ಅಮಾಸಿ ಮುಂದ. ಹಂಚಿನ ಮ್ಯಾಲಿನ ರೊಟ್ಟಿ ತಿರುವುವಾಗ ನಿಮ್ಮ ಅಂಗೈ ಹಂಚಿಗೆ ತಾಗಿತ್ತು. ನೀವು ನನ್ನ ಕೂಡ ಮಾತಾಡಕೋತ ಹಂಗ ಇದ್ರಿ. ಮರುದಿನ ಬೊಬ್ಬಿ ಎದ್ದಿತ್ತು. ಅದೂ ನಿಮಗ ಕಾಣಲಿಲ್ಲ.”

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಶಿವಲಿಂಗವ್ವನ ಅಂಗೈಗೆ ಕನ್ನಡಿ ಬೇಕಾಗಿತ್ತು, ಆ ಕನ್ನಡಿ ಎರಡು ವರ್ಷದಿಂದ ಪಕ್ಕದಲ್ಲೇ ಕೂತು ಉರಿ ಸರಿಮಾಡುತ್ತಿತ್ತು.

“ಅಂದ್ರ ಬನ್ನಿ ಹಬ್ಬದಾಗ…” ಎಂದು ಶಿವಲಿಂಗವ್ವ ತಡೆದಳು. “ನನ್ನ ಕೈಗೆ ತಿಳಿಯೂದಿಲ್ಲ ಅಂತ ಗೊತ್ತಿದ್ದೂ ಊರ ನಗಿ ಸಹಿಸಿಕೊಂಡಿ?”

“ಕಾಳು ತಣ್ಣಗಿತ್ತಲ್ಲರಿ. ನಾ ಯಾಕ ಹೇಳ್ಲಿ? ನಿಮ್ಮ ಕೈ ಹೆಸರು ಕಳೀಬೇಕೇನ? ಆ ಕೈಲೆ ನಾಕು ರೊಟ್ಟಿ ತಿಂದ ಬೆಳದಾಕಿ ನಾ.”

ಶಿವಲಿಂಗವ್ವ ಆ ಸಂಜೆ ಊಟ ಮಾಡಲಿಲ್ಲ. ಜ್ವರ ಎಂದು ಮಲಗಿದಳು. ಜ್ವರವೂ ಇತ್ತು, ಸುಳ್ಳಲ್ಲ. ಆದರೆ ಉರಿ ಬೇರೆಯದಿತ್ತು. ಇಷ್ಟು ದಿನ ಡಬ್ಬಿ ಕಂಡು ಉರಿದದ್ದು ಏನೂ ಅಲ್ಲ. ಎರಡು ವರ್ಷ ಬಾಯಿ ಕಟ್ಟಿಕೊಂಡು, ನಗೆಪಾಟಲಾಗಿ, ಇವತ್ತು ಗೆದ್ದ ಗೆಲುವನ್ನೂ ತನ್ನ ಉಡಿಗೆ ಸುರಿದು ಸುಮ್ಮನೆ ಮನೆಗೆ ಬಂದವಳು ಶೀಲಾ. ಈ ಮನೆಯಲ್ಲಿ ದೊಡ್ಡ ಮನಸ್ಸಿನವಳು ಯಾರು? ಮೂವತ್ತು ವರ್ಷ ಆ ಜಾಗದಲ್ಲಿ ತಾನು ಕೂತಿದ್ದಳು. ಗೊತ್ತಿಲ್ಲದೆ ಅದನ್ನೂ ಅವಳು ತೆಗೆದುಕೊಂಡಿದ್ದಳು. ಡಬ್ಬಿ ಹೋದರೆ ಹೋಗಲಿ, ಕೈ ಹೋದರೆ ಹೋಗಲಿ, ಇದನ್ನು ಬಿಟ್ಟುಕೊಡಲು ಶಿವಲಿಂಗವ್ವನಿಂದ ಆಗಲಿಲ್ಲ.

ಮರುದಿನ ಮುಂಜಾನೆ ಆಕೆ ಸರಳು ಹೊತ್ತು ಕಣಜದ ಬಳಿಗೆ ನಡೆದಳು. ಲಕ್ಷ್ಮಪ್ಪ, ಯಾಕೂಬಸಾಬ, ಹರವಿದ ಕಾಳು ಆರಿಸಲು ಬಂದ ಹೆಂಗಸರು, ಎಲ್ಲರೂ ಇದ್ದರು. ಶೀಲಾ ಡಬ್ಬಿಯ ಮುಂದೆ ನಿಂತಿದ್ದಳು.

“ಲಕ್ಷ್ಮಪ್ಪ, ಯಾಕೂಬಸಾಬನ ಬೈಬ್ಯಾಡ. ಆ ಬೂಚು ಸಡಿಲ ಬಿಟ್ಟಾಕಿ ನಾನು. ಈ ಕೈಗೆ ಎರಡ ವರ್ಷ ಆತು, ಏನೂ ತಿಳಿಯೂದಿಲ್ಲ. ಸಕ್ರಿ ಬ್ಯಾನಿ ತಿಂದ ಹಾಕೈತಿ. ಬಿಸಿ ತಿಳಿಯೂದಿಲ್ಲ, ತಣ್ಣಂದೂ ತಿಳಿಯೂದಿಲ್ಲ. ಬನ್ನಿ ಹಬ್ಬದಾಗ ಹೇಳಿದ್ದೂ ಬರೇ ಬಾಯಿಮಾತು. ನಿನ್ನಿ ಕಾಳು ಉ‍ಳಿಸಿದ್ದು ಶೀಲಾನ ಡಬ್ಬಿ. ಇನ್ನ ಮ್ಯಾಲ ಆಕೀನ ಕೇಳ್ರಿ, ನನ್ನ ಕೇಳಬ್ಯಾಡ್ರಿ.”

ಒಬ್ಬ ಮುದುಕಿ ಕಾಳಿನ ಮೊರ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಂಥಾ ದೊಡ್ಡ ಮನಸಾ ಯವ್ವಾ ನಿಂದು” ಎಂದಳು. “ಮಂದಿ ಮುಂದ ತನ್ನ ತಪ್ಪ ತಾನ ಹೇಳಿಕೊಳ್ಳೂದಂದ್ರ ಸಣ್ಣ ಮಾತೇನ?” ಲಕ್ಷ್ಮಪ್ಪ ಕೈ ಮುಗಿದ. ಯಾಕೂಬಸಾಬ ಓಡಿ ಹೋಗಿ ಕೂರಲು ಗೋಣಿಚೀಲ ತಂದು ಹಾಸಿದ. ಹೆಂಗಸರೆಲ್ಲ ಸುತ್ತ ನೆರೆದು, ಕೈ ಹಿಡಿದು ನೋಡಿ, ಔಷಧ ಹೇಳಿ, ಹೊಗಳಿದರು. ಈ ಸಲ ಉಪ್ಪು ಕಡಿಮೆ ಇರಲಿಲ್ಲ. ಡಬ್ಬಿಯ ಮುಂದೆ ವಹಿ ಹಿಡಿದು ನಿಂತವಳನ್ನು ಯಾರೂ ತಿರುಗಿ ನೋಡಲಿಲ್ಲ.

ಜನ ಕೆಲಸಕ್ಕೆ ತಿರುಗಿದ ಮೇಲೆ ಶೀಲಾ ಬಂದು ಆಕೆಯ ಪಕ್ಕದಲ್ಲಿ ಕೂತಳು. ಅವಳ ಮುಖ ಎಂದಿನಂತಿರಲಿಲ್ಲ. ತುಟಿ ನಗುತ್ತಿತ್ತು, ಹುಬ್ಬು ನಗುತ್ತಿರಲಿಲ್ಲ.

“ಎರಡ ವರ್ಷ ಬಾಯಿ ಮುಚ್ಚಿಕೊಂಡ ಇದ್ದಾಕಿ ನಾನು. ಹೊಗಳಿಕಿ ಅಷ್ಟೂ ನಿಮಗ ಬಂತಲ್ರಿ ಅಕ್ಕಾ.”

ಶಿವಲಿಂಗವ್ವ ಅವಳ ಮುಖವನ್ನು ಚೆನ್ನಾಗಿ ನೋಡಿದಳು. ಎರಡು ತಿಂಗಳಲ್ಲಿ ಮೊದಲ ಸಲ ಆಕೆಯ ಹೊಟ್ಟೆ ತಣ್ಣಗಾಯಿತು.

“ಹೊಟ್ಟಿ ಉರೀತೈತೇನ?”

“ಒಂದೀಟ ಉರೀತೈತ್ರಿ.”

“ಉರೀಲಿ” ಎಂದಳು ಶಿವಲಿಂಗವ್ವ. ಸರಳನ್ನು ಎತ್ತಿ ಅವಳ ಮಡಿಲಲ್ಲಿ ಇಟ್ಟಳು. “ತಗೋ, ಇನ್ನ ಇದೂ ನಿಂದ. ಮೊದಲನೇ ವರ್ಷ ಗಲ್ಲಕ್ಕ ಹಚ್ಚು. ಆ ಉರಿನೂ ದಿನಾ ಎರಡ ಸಲ ನೋಡಕೋತ ಇರು ತಂಗಿ, ಮೂವತ್ತೈದ ದಾಟಿದ್ರ ನನಗ ಬಂದ ಹೇಳು.”